ಬೇಲಿ ದಾಟಿದ ಬಳ್ಳಿ

ನಮ್ಮ ಉಡುಪಿ ಕಡೆಯವರಿಗೆ ಅದು ಬಚ್ಚಂಗಾಯಿ. ಘಟ್ಟ ಹತ್ತಿದರೆ ಕಲ್ಲಂಗಡಿ. ಮುಂಬಯಿಗೆ ಹೋದವರು ಕಲಿಂಗಡ ಅಂತ ಕೇಳಿ ತರುತ್ತಾರೆ, ಹೈದರಾಬಾದಿನವರು ಪುಚ್ಚಕಾಯ ಅನ್ನುತ್ತಾರೆ, ನಾವು ದಿಲ್ಲಿಯವರು ತರ್‌ಬೂಜ್‌ಗೆ ಒಗ್ಗಿಕೊಂಡಿದ್ದೇವೆ. ಕಲ್ಲಂಗಡಿಯಲ್ಲಿ ಕಲ್ಲೂ ಇಲ್ಲ, ಅಂಗಡಿಯೂ ಇಲ್ಲ. ಸಂಸ್ಕೃತದ ಕಾಲಿಂಗ, ಮರಾಠಿಯ ಕಲಿಂಗಡ, ಕೊಂಕಣಿಯ ಕಲಿಂಗಣ, ಇವುಗಳ ನೆಂಟನಂತೆ ಕಾಣುತ್ತದೆ ಆ ಹೆಸರು. ತಮಾಷೆ ಏನೆಂದರೆ, ಹಿಂದಿಯವರ ತರ್‌ಬೂಜ್ ಪಾರಸಿಯಿಂದ ಬಂದದ್ದು. ಆದರೆ ಪಾರಸಿಯವರು, ಅಂದರೆ ಇರಾನಿನವರು, ಇವತ್ತಿಗೂ ಈ ಹಣ್ಣಿಗೆ 'ಹೆಂದೆವಾನೆ' ಎನ್ನುತ್ತಾರೆ. ಹಾಗೆಂದರೆ ಹಿಂದೂಸ್ತಾನದ್ದು ಅಂತ ಅರ್ಥ. ಚೀನೀಯರ ಹೆಸರು 'ಷೀಗುವಾ', ಪಶ್ಚಿಮದ ಕಾಯಿ. ಎಲ್ಲರಿಗೂ ಇದು ಬೇರೆ ಎಲ್ಲಿಂದಲೋ ಬಂದದ್ದು. ಊರು ಬಿಟ್ಟು ಮೂವತ್ತು ವರ್ಷವಾದ ನನ್ನಂಥವರಿಗೆ ಇಂಥ ಹಣ್ಣಿನ ಮೇಲೆ ಸ್ವಲ್ಪ ಮಮತೆ ಜಾಸ್ತಿಯೇ ಇರಬೇಕು.

ನಿಜಕ್ಕೂ ಇದು ಬಂದದ್ದು ಆಫ್ರಿಕದಿಂದ. ಈಗಿನ ಸಿಹಿ ಹಣ್ಣಿನ ಅತಿ ಹತ್ತಿರದ ಸಂಬಂಧಿ ಸುಡಾನ್ ದೇಶದ ಕೊರ್ದೊಫಾನ್ ಪ್ರಾಂತ್ಯದ ಬಿಳಿ ತಿರುಳಿನ, ಕಹಿಯಿಲ್ಲದ ಒಂದು ಕಾಯಿ ಎಂದು 2021ರಲ್ಲಿ ವಂಶವಾಹಿ ಪರೀಕ್ಷೆ ಮಾಡಿದ ವಿಜ್ಞಾನಿಗಳು ತೋರಿಸಿಕೊಟ್ಟರು. ಈಜಿಪ್ಟಿನಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಗೋರಿಯ ಗೋಡೆಯೊಂದರ ಮೇಲೆ, ತಟ್ಟೆಯಲ್ಲಿಟ್ಟ ಉದ್ದನೆಯ ಪಟ್ಟೆಪಟ್ಟೆಯ ಹಣ್ಣಿನ ಚಿತ್ರ ಇದೆ. ತುತಾಂಖಾಮನ್‌ನ ಗೋರಿಯಲ್ಲಿ ಬೀಜಗಳೇ ಸಿಕ್ಕಿವೆ. ಸತ್ತ ರಾಜನಿಗೆ ದಾರಿಯಲ್ಲಿ ಬಾಯಾರಬಾರದಲ್ಲ! ಮರುಭೂಮಿಯವರಿಗೆ ಇದು ಹಣ್ಣು ಅನ್ನುವುದಕ್ಕಿಂತ ಹೆಚ್ಚಾಗಿ ಕೊಡ. ಮುಚ್ಚಳ ಬಿಗಿದ ನೀರಿನ ಕೊಡ.

ಈ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಮಯೂರ್ ವಿಹಾರದ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಮಗನ ಜೊತೆ ಇರುವ ಒಬ್ಬ ಹಿರಿಯರು ಹೇಳಿದ್ದು. ಬಿಕಾನೇರ್ ಜಿಲ್ಲೆಯ ನೋಖಾ ಕಡೆಯವರು. ಕಟ್ಟಡಕ್ಕೆಲ್ಲ ಅವರು ತಾವೂಜಿ. ನಮ್ಮದು ನೆಲಮಹಡಿಯ ಮನೆ, ಹಿಂದೆ ಹದಿನೈದು ಅಡಿ ಅಗಲದ ಹಿತ್ತಲಿದೆ. ಬಸಳೆ, ಒಂದು ಕರಿಬೇವಿನ ಗಿಡ, ಚಳಿಗಾಲದಲ್ಲಿ ಮುದುರಿ ಬೇಸಗೆಯಲ್ಲಿ ಜೀವ ಹಿಡಿಯುವ ಕೆಸು, ಇಷ್ಟೇ ನನ್ನ ಕೃಷಿ. 2016ರ ಜುಲೈನಲ್ಲಿ ಮೊದಲ ಮಳೆ ಬಿದ್ದ ಮಾರನೆಯ ದಿನ ತಾವೂಜಿ ಇಳಿದು ಬಂದರು. ಕೈಯಲ್ಲಿ ಒಂದು ಹಳೆಯ ಬಟ್ಟೆಯ ಗಂಟು.

"ಬೇಟಾ, ನಿನ್ನ ಹತ್ತಿರ ಮಣ್ಣಿದೆ, ನನ್ನ ಹತ್ತಿರ ಬೀಜ ಇದೆ" ಅಂದರು. "ಇದು ಮತೀರಾ. ಅಂಗಡಿಯ ತರ್‌ಬೂಜ್ ಅಲ್ಲ."

ಮತೀರಾ ಅಂದರೆ ಥಾರ್ ಮರುಭೂಮಿಯ ನಾಟಿ ಕಲ್ಲಂಗಡಿ. ನಮ್ಮಲ್ಲಿ ಮಾರುಕಟ್ಟೆಗೆ ಬರುವುದೆಲ್ಲ ಬೇಸಗೆಯ ಬೆಳೆ. ಮತೀರೆ ಹಾಗಲ್ಲ. ಆಷಾಢದ ಮೊದಲ ಮಳೆಗೆ ಸಜ್ಜೆ, ಮಡಕೆ ಕಾಳು, ಗೋರಿಕಾಯಿಗಳ ಜೊತೆಗೇ ಅದರ ಬೀಜವನ್ನೂ ಬಿತ್ತುತ್ತಾರೆ. ನೀರಾವರಿ ಇಲ್ಲ, ಗೊಬ್ಬರ ಇಲ್ಲ, ವಿಶೇಷ ಆರೈಕೆಯೂ ಇಲ್ಲ. ಸಜ್ಜೆಯ ಕೊಯ್ಲು ಆಗುವ ಹೊತ್ತಿಗೆ ಬಳ್ಳಿ ಮರಳಿನ ಮೇಲೆಲ್ಲ ಹರಿದಿರುತ್ತದೆ. ಎಳೆಯ ಕಾಯಿಗೆ ಲೋಯಿಯಾ ಅನ್ನುತ್ತಾರೆ, ಅದು ಪಲ್ಯಕ್ಕೆ. ಬಲಿತದ್ದು ದೀಪಾವಳಿಯ ಆಸುಪಾಸಿನಲ್ಲಿ ಹಣ್ಣು. ಸಿಪ್ಪೆ ದಪ್ಪ, ಗಟ್ಟಿ. ಹುಲ್ಲಿನ ಮೇಲೆ ಜೋಡಿಸಿಟ್ಟರೆ ಚಳಿಗಾಲಕ್ಕೂ ಉಳಿಯುತ್ತದೆ. ತಿಂದು ಬಿಟ್ಟ ಸಿಪ್ಪೆ ಆಡಿಗೆ, ಒಂಟೆಗೆ. ಬೀಜದೊಳಗಿನ ಬಿಳಿ ತಿರುಳು 'ಮಗಜ್'; ಠಂಡಾಯಿಗೆ, ಲಾಡುವಿಗೆ ಬೀಳುವುದು ಅದೇ. ಹಿಂದೆ 1899-1900ರಲ್ಲಿ, ಅವರ ವಿಕ್ರಮ ಸಂವತ್ 1956ರಲ್ಲಿ, ದೊಡ್ಡ ಬರ ಬಂದಿತ್ತು. ಛಪ್ಪನಿಯಾ ಬರ ಅಂದರೆ ರಾಜಸ್ಥಾನದ ಮುದುಕರು ಈಗಲೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಗ ಮತೀರೆಯ ಬೀಜವನ್ನೇ ಬೀಸಿ ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟುತ್ತಿದ್ದರಂತೆ. ತಾವೂಜಿಗೆ ಅವರ ಅಜ್ಜಿ ಹೇಳಿದ್ದು ಇದು.

ಈ ಮತೀರೆಗಾಗಿ ಒಂದು ಯುದ್ಧವೇ ನಡೆದಿದೆ ಅಂದರೆ ನಂಬುತ್ತೀರಾ? ನಾನು ಮೊದಲಿಗೆ ನಗಾಡಿದ್ದೆ. ಹೆಸರೇ 'ಮತೀರೇ ಕೀ ರಾಡ್', ಮತೀರೆಯ ಜಗಳ ಅಂತ. ವರ್ಷ 1644. ಬಿಕಾನೇರ್ ರಾಜ್ಯದ ಸೀಲವಾ ಗ್ರಾಮದ ಹೊಲದಲ್ಲಿ ಒಂದು ಬಳ್ಳಿ ಹುಟ್ಟಿತು. ಅದು ಹರಿಯುತ್ತ ಹರಿಯುತ್ತ ಗಡಿ ದಾಟಿ ನಾಗೌರ್ ರಾಜ್ಯದ ಜಾಖಣಿಯಾ ಗ್ರಾಮದೊಳಗೆ ಹೋಗಿ ಅಲ್ಲಿ ಕಾಯಿ ಬಿಟ್ಟಿತು. ಬೇರು ನಮ್ಮದು, ಹಣ್ಣು ನಮ್ಮದು ಅಂತ ಇವರು. ಮಣ್ಣು ನಮ್ಮದು, ಮಲಗಿರುವುದು ನಮ್ಮ ನೆಲದ ಮೇಲೆ ಅಂತ ಅವರು. ಮಾತಿಗೆ ಮಾತು ಬೆಳೆದು ಎರಡೂ ಕಡೆಯ ಸೈನ್ಯ ಬಂತು, ಹೆಣಗಳು ಬಿದ್ದವು. ಗೆದ್ದದ್ದು ಬಿಕಾನೇರ್. ಊರಿನ ಹೆಸರುಗಳನ್ನು, ಬಳ್ಳಿಯ ವಿವರವನ್ನು ನಾನು ಜನರ ಬಾಯಲ್ಲಿ ಇರುವ ಹಾಗೆ ಹೇಳುತ್ತಿದ್ದೇನೆ.

ನನ್ನ ಕುತೂಹಲ ಕೆರಳಿಸಿದ್ದು ಬಳ್ಳಿಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಈ ಹೊಡೆದಾಟ ನಡೆದಾಗ ಎರಡೂ ರಾಜರು ಊರಲ್ಲಿ ಇರಲಿಲ್ಲ! ಬಿಕಾನೇರಿನ ಕರಣ ಸಿಂಹ ಮೊಗಲರ ಸೇವೆಯಲ್ಲಿ ದಖ್ಖನಿನಲ್ಲಿದ್ದ. ನಾಗೌರಿನ ಅಮರ ಸಿಂಹ ರಾಠೋಡ ಆಗ್ರಾದಲ್ಲಿ ಷಾಜಹಾನನ ದರ್ಬಾರಿನಲ್ಲಿದ್ದ. ಒಬ್ಬ ದಕ್ಷಿಣದ ಬಿಸಿಲಿನಲ್ಲಿ, ಒಬ್ಬ ಆಗ್ರಾದ ಕೋಟೆಯಲ್ಲಿ, ಇಬ್ಬರೂ ಸಂಬಳದ ನೌಕರರು ಅಂದರೂ ತಪ್ಪಿಲ್ಲ. ಊರಲ್ಲಿ ಜಾಗದ ತಕರಾರು. ದಿಲ್ಲಿಯ ಸರಕಾರಿ ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮವರಲ್ಲಿ ಅರ್ಧ ಜನರ ಕಥೆ ಇದೇ ಅಲ್ಲವೇ? ಬೇಸಗೆ ರಜೆಗೆ ಹೋಗಿ ನೋಡಿದರೆ ಪಕ್ಕದವರ ಬೇಲಿ ಎರಡು ಅಡಿ ಈಚೆಗೆ ಬಂದಿರುತ್ತದೆ.

ಅಮರ ಸಿಂಹನದು ದುಃಖದ ಕಥೆ. ಜೋಧಪುರದ ಗಜಸಿಂಹನ ಹಿರಿಯ ಮಗ ಅವನು. ಆದರೆ 1638ರಲ್ಲಿ ಅಪ್ಪನ ಗಾದಿ ಸಿಕ್ಕಿದ್ದು ತಮ್ಮ ಜಸವಂತ ಸಿಂಹನಿಗೆ. ಅಣ್ಣನ ಪಾಲಿಗೆ ಮೊಗಲರು ಕೊಟ್ಟದ್ದು ನಾಗೌರ್. ಅದೇ 1644ರಲ್ಲಿ, ದರ್ಬಾರಿನಲ್ಲೇ, ಮೀರ್ ಬಕ್ಷಿ ಸಲಾಬತ್ ಖಾನನನ್ನು ಅಮರ ಸಿಂಹ ಕಠಾರಿಯಿಂದ ಇರಿದು ಕೊಂದ. ಅಲ್ಲೇ ಅವನನ್ನೂ ಕೊಂದರು. ಆಗ್ರಾ ಕೋಟೆಗೆ ಈಗ ಟಿಕೆಟು ತೆಗೆದುಕೊಂಡು ಒಳಗೆ ಹೋಗುವ ಬಾಗಿಲಿಗೆ ಅವನದೇ ಹೆಸರು, ಅಮರ ಸಿಂಹ ಗೇಟ್. ಗಡಿಯ ತಕರಾರಿಗೆ ಊರಿಗೆ ಹೋಗಬೇಕು, ರಜೆ ಬೇಕು ಅಂತ ಅವನು ಕೇಳಿದ್ದ, ಸಲಾಬತ್ ಖಾನ್ ಬಿಕಾನೇರಿನ ಪರವಾಗಿದ್ದ, ಅದೇ ಜಗಳದ ಮೂಲ ಎಂದು ಒಂದು ಹೇಳಿಕೆ ಇದೆ. ರಾಜಸ್ಥಾನದ ಗೊಂಬೆಯಾಟದವರು ಈಗಲೂ ಮೊದಲು ಆಡಿಸುವುದು ಅಮರ ಸಿಂಹನ ಆಟವನ್ನೇ. ಶಾದಿಪುರದ ಕಠ್‌ಪುತಲಿ ಕಾಲೊನಿಯಲ್ಲಿ ಅಂಥ ಮನೆತನಗಳು ಎಷ್ಟೋ ಇದ್ದವು; 2017ರಲ್ಲಿ ಆ ಕಾಲೊನಿಯನ್ನೇ ಕೆಡವಿದರು. ಅದು ಬೇರೆ ಕಥೆ.

ಕರಣ ಸಿಂಹನದೂ ಕಡೆಗೆ ಪರಸ್ಥಳದ ಸಾವೇ. 1669ರಲ್ಲಿ ಔರಂಗಾಬಾದಿನಲ್ಲಿ. ಅವನ ಮಗ ಅನೂಪ ಸಿಂಹ ಇನ್ನೂ ನಮ್ಮ ಹತ್ತಿರ ಬಂದ. 1686ರ ವಿಜಾಪುರದ ಮುತ್ತಿಗೆ, ಮರುವರ್ಷ ಗೋಲ್ಕೊಂಡದ್ದು, ಎರಡರಲ್ಲೂ ಇದ್ದ. ಆಮೇಲೆ ಬಳ್ಳಾರಿಯ ಪಕ್ಕದ ಆದೋನಿ ಕೋಟೆಯ ಅಧಿಕಾರಿಯಾಗಿ ಅಲ್ಲೇ 1698ರಲ್ಲಿ ತೀರಿಕೊಂಡ. ದಂಡಯಾತ್ರೆಯ ನಡುವೆ ದಕ್ಷಿಣದಲ್ಲಿ ಕೈಗೆ ಸಿಕ್ಕ ಸಂಸ್ಕೃತ ಓಲೆ, ಹಸ್ತಪ್ರತಿಗಳನ್ನೆಲ್ಲ ಗಾಡಿ ತುಂಬಿ ಊರಿಗೆ ಕಳಿಸಿದ ಪುಣ್ಯಾತ್ಮ ಇವನು. ಬಿಕಾನೇರಿನ ಅನೂಪ್ ಸಂಸ್ಕೃತ ಲೈಬ್ರರಿ ಹುಟ್ಟಿದ್ದು ಹಾಗೆ. ನಾವು ಬಿಕಾನೇರ್ ಅಂದರೆ ಬರೇ ಭುಜಿಯಾ ಅಂದುಕೊಂಡಿದ್ದೇವೆ ನೋಡಿ.

ಮತ್ತೆ ಹಿತ್ತಲಿಗೆ ಬರುತ್ತೇನೆ. ಯಮುನೆಯ ದಡದ ಮಣ್ಣು ನಮ್ಮದು, ಸ್ವಲ್ಪ ಮರಳು ಮರಳಾಗಿ ನೀರು ನಿಲ್ಲದ ಮಣ್ಣು, ಬಳ್ಳಿಗೆ ಒಪ್ಪಿತು. ಐದು ದಿನಕ್ಕೆ ಮೊಳಕೆ. ಕೆಂಪು ದುಂಬಿಗಳು ಬಂದವು, ಊರಲ್ಲಿ ಸೌತೆಗೆ ಮಾಡುವ ಹಾಗೆ ಬೆಳಗಿನ ಮಂಜಿನ ಹೊತ್ತಲ್ಲೇ ಎಲೆಗೆ ಬೂದಿ ಚಿಮುಕಿಸಿದೆ. ದಿಲ್ಲಿಯಲ್ಲಿ ಬೂದಿ ಎಲ್ಲಿಂದ ಅಂತ ಕೇಳಬೇಡಿ, ಇಸ್ತ್ರಿಯವನ ಇದ್ದಿಲಿನ ಪೆಟ್ಟಿಗೆ ಇದೆಯಲ್ಲ. ಅಕ್ಟೋಬರಿನಲ್ಲಿ ಮೂರು ಹಣ್ಣು ಸಿಕ್ಕಿತು. ಎರಡು ಮೂರು ಕಿಲೋ ತೂಕ, ತಿಳಿ ಹಸಿರಿನ ಮೇಲೆ ಕಡು ಹಸಿರಿನ ಪಟ್ಟೆ. ತೊಟ್ಟಿನ ಹತ್ತಿರದ ಸುರುಳಿ ಕುಡಿ ಒಣಗಬೇಕು, ನೆಲಕ್ಕೆ ತಾಗಿದ ಬಿಳಿ ಮಚ್ಚೆ ಹಳದಿಗೆ ತಿರುಗಬೇಕು, ಬೆರಳಲ್ಲಿ ಬಡಿದರೆ ಮಂದ ಸದ್ದು ಬರಬೇಕು, ಆಗ ಹಣ್ಣಾಯಿತು ಅಂತ ಲೆಕ್ಕ. ತಾವೂಜಿ ಮಾತ್ರ ಬಡಿಯಲಿಲ್ಲ. ಕುಡಿಯನ್ನು ಮುಟ್ಟಿ ನೋಡಿ "ಕೊಯ್ಯಿ" ಅಂದರು.

ಒಳಗೆ ತಿಳಿ ಗುಲಾಬಿ. ಸಿಹಿ ಅಂದರೆ ಸಿಹಿ, ಅಷ್ಟೇ. ನನ್ನ ಮಗ ಒಂದು ಹೋಳು ತಿಂದು "ಇದಕ್ಕಿಂತ ಅಂಗಡಿಯದ್ದೇ ಒಳ್ಳೇದಿತ್ತಲ್ಲಮ್ಮ" ಅಂದ. ಅವನದ್ದೂ ಸುಳ್ಳಲ್ಲ. ಅಂಗಡಿಯ ಹಣ್ಣಿಗೆ ಅಷ್ಟು ಓದು ಬರಹ ಆಗಿದೆ. ಶುಗರ್ ಬೇಬಿ ಎಂಬ ತಳಿ 1950ರ ದಶಕದಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ಹುಟ್ಟಿದ್ದು, ಅಸಾಹಿ ಯಮಾಟೊ ಜಪಾನಿನದ್ದು. ಎರಡನ್ನೂ ನಮ್ಮ ದೇಶದ ಹೊಲಗಳಿಗೆ ತಂದವರು ಇದೇ ದಿಲ್ಲಿಯ ಪೂಸಾ ಸಂಸ್ಥೆಯವರು. ಪೂಸಾ ಎಂಬುದು ಬಿಹಾರದ ಒಂದು ಊರು. 1934ರ ಭೂಕಂಪದಲ್ಲಿ ಸಂಸ್ಥೆಯ ಕಟ್ಟಡ ಕುಸಿದ ಮೇಲೆ 1936ರಲ್ಲಿ ದಿಲ್ಲಿಗೆ ಬಂದರು, ಬರುವಾಗ ಊರಿನ ಹೆಸರನ್ನೂ ಕಟ್ಟಿಕೊಂಡು ಬಂದರು. ನಮ್ಮ ಬೆಂಗಳೂರಿನ ಹೆಸರಘಟ್ಟದವರು ಹಿಂದೆ ಬಿದ್ದವರಲ್ಲ: ಕ್ರಿಮ್ಸನ್ ಸ್ವೀಟ್ ಎಂಬ ಅಮೆರಿಕದ ತಳಿಯನ್ನು ತಮ್ಮಲ್ಲಿದ್ದ ಇನ್ನೊಂದರ ಜೊತೆ ಕೂಡಿಸಿ, ಬೂದಿರೋಗ ತಡೆಯುವ ಅರ್ಕಾ ಮಾಣಿಕ್ ಮಾಡಿದರು. ಬಿಕಾನೇರಿನಲ್ಲೂ ಒಣ ಪ್ರದೇಶದ ತೋಟಗಾರಿಕೆಯ ಕೇಂದ್ರ ಇದೆ. ಅವರು ಮತೀರೆಯನ್ನೇ ಆರಿಸಿ ಆರಿಸಿ ಏಎಚ್‌ಡಬ್ಲ್ಯೂ-19, ಏಎಚ್‌ಡಬ್ಲ್ಯೂ-65, ಥಾರ್ ಮಾಣಕ್ ಎಂದು ಹೊರತಂದಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಆರಿಸುವುದು ಅಂದರೆ ಉಳಿದದ್ದನ್ನು ಬಿಡುವುದೂ ಹೌದಲ್ಲ. ಒಂದೊಂದು ಊರಿನ ಮತೀರೆ ಒಂದೊಂದು ಥರ ಇರುತ್ತದೆ. ಅದನ್ನು ಉಳಿಸಿದವರು ಮನೆಯ ಹೆಂಗಸರು, ಬಟ್ಟೆಯ ಗಂಟಿನಲ್ಲಿ.

ಹೀಗೆ ಉಳಿಸುವುದು ಸುಲಭ ಅಂತ ಮಾತ್ರ ತಿಳಿಯಬೇಡಿ. ಕಲ್ಲಂಗಡಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ರೋಮದ ಒಂದು ಪುಟ್ಟ ಕಾಯಿ ಆಗಲೇ ಕುಳಿತಿರುತ್ತದೆ. ಜೇನು ಬಂದು ಪರಾಗ ಮುಟ್ಟಿಸಬೇಕು. ಆ ಜೇನು ಯಾರ ಮನೆಯಿಂದ ಬಂತು ಅಂತ ಯಾರು ಕೇಳುತ್ತಾರೆ? ಸೌತೆ, ಕುಂಬಳ, ಖರಬೂಜಗಳ ಜೊತೆ ಇದು ಬೆರೆಯುವುದಿಲ್ಲ, ಆ ಭಯ ಬೇಡ. ಆದರೆ ಹತ್ತಿರದಲ್ಲಿ ಬೇರೆ ಕಲ್ಲಂಗಡಿ ಹೂ ಬಿಟ್ಟಿದ್ದರೆ ಮುಗಿಯಿತು: ಈ ವರ್ಷದ ಹಣ್ಣು ಮತೀರೆಯ ಹಾಗೇ ಕಾಣುತ್ತದೆ, ಅದರ ಬೀಜ ಮುಂದಿನ ವರ್ಷ ಬೇರೇನನ್ನೋ ಹುಟ್ಟಿಸುತ್ತದೆ. ಬೀಜದ ಸಂಸ್ಥೆಗಳು ಅದಕ್ಕೇ ಎರಡು ತಳಿಗಳ ನಡುವೆ ಒಂದು ಕಿಲೋಮೀಟರಿನಷ್ಟು ಅಂತರ ಬಿಡುತ್ತಾರೆ. ಹದಿನೈದು ಅಡಿಯ ಹಿತ್ತಲಿನವಳು ಏನು ಮಾಡಬೇಕು? ನಾಳೆ ಅರಳುವ ಮೊಗ್ಗಿಗೆ ಇವತ್ತು ಸಂಜೆ ತೆಳು ಬಟ್ಟೆಯ ಚೀಲ ಕಟ್ಟುತ್ತೇನೆ, ಗಂಡು ಮೊಗ್ಗಿಗೂ ಹೆಣ್ಣು ಮೊಗ್ಗಿಗೂ. ಬೆಳಿಗ್ಗೆ ಏಳು ಗಂಟೆಗೆ ಚೀಲ ಬಿಚ್ಚಿ ಗಂಡು ಹೂವಿನ ಎಸಳು ಕಿತ್ತು ಹೆಣ್ಣು ಹೂವಿಗೆ ಸವರಿ ಮತ್ತೆ ಕಟ್ಟುತ್ತೇನೆ. ಹೂವಿನ ಆಯುಸ್ಸು ಅರ್ಧ ದಿನ, ಮಧ್ಯಾಹ್ನದ ಒಳಗೆ ಬಾಡುತ್ತದೆ. ಹಾಗೆ ಮದುವೆ ಮಾಡಿಸಿದ ಕಾಯಿಯ ತೊಟ್ಟಿಗೆ ಕೆಂಪು ದಾರ. ಬೀಜಕ್ಕೆ ಆ ಹಣ್ಣು ಮಾತ್ರ. ಇಡೀ ಕಟ್ಟಡಕ್ಕೆ ನನ್ನ ಈ ಬೆಳಗಿನ ವ್ಯವಹಾರ ಒಂದು ಮನರಂಜನೆ.

ನಮ್ಮೂರಿನ ಮಟ್ಟುಗುಳ್ಳದ ನೆನಪು ಆಗುತ್ತದೆ ನನಗೆ. ಮಟ್ಟು ಗ್ರಾಮದ ಬದನೆ, ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ನಂಬಿಕೆ. 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಅದಕ್ಕೆ ಮಠ ಇದೆ, ಪರ್ಯಾಯ ಇದೆ, ಕೊಳ್ಳುವವರಿದ್ದಾರೆ. ನೋಖಾದ ಒಂದು ಹೊಲದ ಮತೀರೆಗೆ ಯಾರಿದ್ದಾರೆ?

ದಿಲ್ಲಿಗೂ ಈ ಹಣ್ಣುಗಳಿಗೂ ಹಳೆಯ ನಂಟು. 1526ರಲ್ಲಿ ಇಲ್ಲಿಗೆ ಬಂದ ಬಾಬರನಿಗೆ ಹಿಂದೂಸ್ತಾನದ ಮೇಲೆ ಇದ್ದ ದೂರುಗಳ ಪಟ್ಟಿಯಲ್ಲಿ ಒಳ್ಳೆಯ ಖರಬೂಜ ಸಿಗುವುದಿಲ್ಲ ಅನ್ನುವುದೂ ಒಂದು. ಕಲ್ಲಂಗಡಿ ಅಲ್ಲ, ಅದರ ದೂರದ ಬಂಧು. 1529ರಲ್ಲಿ ಯಾರೋ ಕಾಬೂಲಿನಿಂದ ತಂದ ಹಣ್ಣು ಕತ್ತರಿಸುವಾಗ ತನಗೆ ಅಳು ಬಂತು ಅಂತ ಸ್ನೇಹಿತನಿಗೆ ಪತ್ರ ಬರೆದಿದ್ದಾನೆ. ಅದೇ ವರ್ಷ ಆಗ್ರಾದ ತೋಟದಲ್ಲಿ ಬಲ್ಖ್‌ನ ತೋಟಗಾರನೊಬ್ಬ ಖರಬೂಜ ಬೆಳೆಸಿ ತಂದುಕೊಟ್ಟಾಗ ಅವನಿಗೆ ಆದ ಸಂತೋಷ ನೋಡಬೇಕು. ದೇಶ ಗೆದ್ದದ್ದಕ್ಕಿಂತ ಹೆಚ್ಚು! ಮರುವರ್ಷ ಆಗ್ರಾದಲ್ಲೇ ಸತ್ತ, ಆಮೇಲೆ ದೇಹವನ್ನು ಕಾಬೂಲಿಗೆ ಒಯ್ದರು. ಮೊಗಲರ ಬಗ್ಗೆ ಯಾರು ಏನೇ ಹೇಳಲಿ, ಈ ಒಂದು ಪತ್ರದ ಮಟ್ಟಿಗೆ ನನಗೆ ಅವನು ಅರ್ಥವಾಗುತ್ತಾನೆ. ಊರಿನ ಬಸ್ಸಿನಲ್ಲಿ ಯಾರೋ ಕಳಿಸಿದ ಮಾವಿನ ಮಿಡಿಯ ಡಬ್ಬ ತೆರೆದು ಅತ್ತವರನ್ನು ನಾನು ಕಂಡಿದ್ದೇನೆ.

ನಮ್ಮ ಮನೆಯ ತಾರಸಿಯಿಂದ ಕಾಣುವ ಯಮುನಾ ಖಾದರ್, ಅಂದರೆ ನದಿಯ ಪಾತ್ರದ ಬಯಲು, ನಾವು ಬಂದ ಹೊಸತರಲ್ಲಿ ಚಳಿಗಾಲ ಕಳೆಯುವಾಗ ಗುಂಡಿಗಳಿಂದ ತುಂಬಿರುತ್ತಿತ್ತು. ಮರಳಲ್ಲಿ ಸಾಲು ತೋಡಿ ಗೊಬ್ಬರ ಹಾಕಿ ಬೀಜ ಊರಿ, ಚಳಿ ಗಾಳಿ ತಾಗದ ಹಾಗೆ ಒಣ ಹುಲ್ಲಿನ ತಡಿಕೆ ನಿಲ್ಲಿಸುತ್ತಿದ್ದರು. ಮೇ ತಿಂಗಳಲ್ಲಿ ರಸ್ತೆ ಬದಿಗೆ ಹಣ್ಣಿನ ರಾಶಿ. ನದಿ ಕೊಳೆಯಿತು, ತರಕಾರಿಯಲ್ಲಿ ವಿಷಲೋಹ ಸೇರುತ್ತಿದೆ ಅಂತ 2015ರ ಜನವರಿಯಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ ತಿನ್ನುವ ಬೆಳೆ ಬೆಳೆಯುವುದನ್ನೇ ನಿಷೇಧಿಸಿತು. ನದಿಗೆ ಕೊಳಕು ಬಿಟ್ಟವರು ಯಾರೋ, ಗುದ್ದಲಿ ಕೆಳಗಿಡಬೇಕಾದವರು ಯಾರೋ. ಆಮೇಲೆಯೂ ಕೆಲವರು ಹೇಗೋ ಉಳಿದಿದ್ದರು. 2023ರ ಜುಲೈನಲ್ಲಿ ಯಮುನೆ 208.66 ಮೀಟರಿಗೆ ಏರಿದಾಗ ಅವರೆಲ್ಲ ಎಮ್ಮೆ, ಮಂಚ, ಮಕ್ಕಳ ಸಮೇತ ರಸ್ತೆಗೆ ಬಂದು ಟಾರ್ಪಾಲಿನ ಕೆಳಗೆ ಕೂತಿದ್ದರು. ಆ ವಾರ ನಮ್ಮ ಮತೀರೆ ಆಗಷ್ಟೇ ಎರಡೆಲೆ ಬಿಟ್ಟಿತ್ತು. ನಮ್ಮ ಕಟ್ಟಡಕ್ಕೆ ನೀರು ಬರಲಿಲ್ಲ.

2024ರ ದೀಪಾವಳಿ ಮುಗಿಸಿ ತಾವೂಜಿ ಊರಿಂದ ವಾಪಸು ಬಂದವರು ಎರಡು ದಿನ ಕೆಳಗೆ ಇಳಿಯಲಿಲ್ಲ. ಮೂರನೆಯ ದಿನ ಬಂದು ಹಿತ್ತಲ ಕಟ್ಟೆಯ ಮೇಲೆ ಕೂತರು.

"ಬೇಟಾ, ಬೀಜ ಇಟ್ಟಿದ್ದೀಯಾ?"

"ಇದೆ ತಾವೂಜಿ. ಯಾಕೆ?"

"ಊರಲ್ಲಿ ಇಲ್ಲ."

ಅವರ ಕಡೆ ಈಗ ಕೊಳವೆಬಾವಿ. ಪಶ್ಚಿಮಕ್ಕೆ ಹೋದರೆ ಇಂದಿರಾ ಗಾಂಧಿ ಕಾಲುವೆ. 1958ರಲ್ಲಿ ಶಂಕುಸ್ಥಾಪನೆ ಆದದ್ದು, ಪಂಜಾಬಿನ ಹರಿಕೆಯಿಂದ ನೀರು ತರುತ್ತದೆ. ನೀರು ಬಂದಲ್ಲೆಲ್ಲ ನೆಲಗಡಲೆ, ಗೋಧಿ. ಸಜ್ಜೆಯ ನಡುವೆ ಮತೀರೆಯ ಬೀಜ ಎರಚುವ ಕ್ರಮವೇ ಹೋಯಿತು. ಟ್ರ್ಯಾಕ್ಟರಿನಲ್ಲಿ ಸಾಲು ಹಿಡಿದು ಬಿತ್ತುವಾಗ ಅಡ್ಡಾದಿಡ್ಡಿ ಹರಿಯುವ ಬಳ್ಳಿ ಯಾರಿಗೆ ಬೇಕು? ಇದನ್ನು ತಪ್ಪು ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ತಲೆಯ ಮೇಲೆ ನೀರು ಹೊತ್ತವರಿಗೆ ನೀರು ಬಂದಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ತಾವೂಜಿಯ ಅತ್ತಿಗೆ ಬೀಜದ ಗಂಟು ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಪಕ್ಕದ ಊರಿನಿಂದ ತಂದು ಬಿತ್ತಿದರೆ ಒಳಗೆ ರಕ್ತಗೆಂಪಿನ, ತೆಳು ಸಿಪ್ಪೆಯ ಹಣ್ಣು ಬಂತಂತೆ, ಹದಿನೈದು ದಿನಕ್ಕೆ ಕೊಳೆಯುವಂಥದ್ದು.

ಒಳಗೆ ಹೋಗಿ ಹಾರ್ಲಿಕ್ಸ್ ಬಾಟಲಿ ತಂದೆ. ನೆರಳಲ್ಲಿ ಒಣಗಿಸಿ ಬೂದಿಯಲ್ಲಿ ಹೊರಳಿಸಿ ವರ್ಷ ಬರೆದಿಟ್ಟ ಪೊಟ್ಟಣಗಳು. ಒಂದೇ ಹಣ್ಣಿನ ಬೀಜ ಕೊಟ್ಟರೆ ತಳಿ ಸೊರಗುತ್ತದೆ, ಅದಕ್ಕೇ ಐದಾರು ಹಣ್ಣಿನದ್ದನ್ನು ಸೇರಿಸಿದೆ. ಒಟ್ಟು ನೂರಿಪ್ಪತ್ತು ಬೀಜ. ತಾವೂಜಿ ಒಂದನ್ನು ಹಲ್ಲಲ್ಲಿ ಕಚ್ಚಿ ಸೀಳಿ ತಿರುಳು ನೋಡಿದರು, ತಿಂದರು, ಏನೂ ಹೇಳಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಗಂಟು ಹಾಕಿಕೊಂಡರು. ಹೋಗುವಾಗ "ಎರಡು ಭಾಗ ಮಾಡುತ್ತೇನೆ" ಅಂದರು, "ಒಂದು ನಮ್ಮ ಮನೆಗೆ, ಒಂದು ಮಗಳ ಮನೆಗೆ. ಅವಳನ್ನು ಕೊಟ್ಟದ್ದು ನಾಗೌರಿಗೆ."

ನಾನು ನಕ್ಕುಬಿಟ್ಟೆ, ಅವರೂ ನಕ್ಕರು.

2025ರ ಮಳೆಗೆ ಎರಡೂ ಕಡೆ ಬಿತ್ತಿದರು. ಬಿಕಾನೇರಿನಲ್ಲಿ ಮಳೆ ಕೈಕೊಟ್ಟಿತೋ ಏನೋ, ಹುಟ್ಟಿದ್ದು ಕಮ್ಮಿ, ನಾಲ್ಕು ಬಳ್ಳಿ ಉಳಿದವು. ನಾಗೌರಿನ ಮಗಳ ಹೊಲದಲ್ಲಿ ಮಾತ್ರ ಚೆನ್ನಾಗಿ ಬಂತು. ನವೆಂಬರಿನಲ್ಲಿ ಅವಳು ಬಸ್ಸಿನಲ್ಲಿ ಕಳಿಸಿದ ಎರಡು ಹಣ್ಣಲ್ಲಿ ಒಂದು ನಮ್ಮ ಮನೆಗೆ ಬಂತು. ತಿರುಳು ತಿಂದೆವು, ಬೀಜ ತೊಳೆದು ಮೊರದಲ್ಲಿ ಹರಡಿದೆ. ಸಿಪ್ಪೆ ಬಿಸಾಡುವ ಪ್ರಶ್ನೆಯೇ ಇಲ್ಲ, ಮೇಲಿನ ಹಸಿರು ಹೆರೆದು ಬಿಳಿ ಭಾಗವನ್ನು ನೆನೆಸಿದ ಅಕ್ಕಿಯ ಜೊತೆ ಅರೆದು ದೋಸೆ ಹುಯ್ದೆ, ಊರಲ್ಲಿ ಬಚ್ಚಂಗಾಯಿ ಸಿಪ್ಪೆಗೆ ಮಾಡುವ ಹಾಗೆ. ನಾಲ್ಕು ದೋಸೆ ಮೂರನೇ ಮಹಡಿಗೆ ಹೋಯಿತು. ಇದನ್ನು ನಮ್ಮಲ್ಲಿ ಆಡಿಗೆ ಹಾಕುತ್ತಾರೆ ಅಂತ ತಾವೂಜಿ ಹೇಳಿ ಕಳಿಸಿದರು. ತಟ್ಟೆ ಮಾತ್ರ ಖಾಲಿಯಾಗಿ ಬಂತು.